ನವಾಬನ ನೀಲಿ ಡ್ರಮ್ಮು

ಪಕ್ಕದ ಮನೆಯ ವಿಷಯದಲ್ಲಿ ಮೂಗು ತೂರಿಸುವ ಚಾಳಿ ನನಗಿಲ್ಲ. ನಾನು ಬಸವೇಶ್ವರಿ, ಸೇಡಂನಲ್ಲಿ ಮಕ್ಕಳ ಕಿವಿ ಹಿಂಡಿ ಹಿಂಡಿ ನಿವೃತ್ತಳಾದವಳು. ಓಣಿಯವರಿಗೆ ಈಗಲೂ ‘ಅಕ್ಕೋರು’. ನಮ್ಮ ಹಿತ್ತಿಲ ಗೋಡೆ ಗಿಡ್ಡ. ಅದು ನನ್ನ ತಪ್ಪಲ್ಲ, ಕಟ್ಟಿದ ಗೌಂಡಿಯದು. ಆ ಗೋಡೆಯಾಚೆ ನಡೆದದ್ದೆಲ್ಲ ಕಣ್ಣಿಗೆ ಬೀಳುತ್ತದೆ, ನಾನೇನು ಕಣ್ಣು ಕಿತ್ತಿಟ್ಟುಕೊಂಡು ಬಟ್ಟೆ ಒಣಹಾಕಬೇಕೇ? ಹೀಗಾಗಿ ರೇವಣಸಿದ್ದಯ್ಯನವರ ಮನೆಗೆ ಮೀನು ಬಂದ ವೃತ್ತಾಂತವನ್ನು ನಾನು ಹೇಳದೆ ಮತ್ತಾರೂ ಸರಿಯಾಗಿ ಹೇಳಲಾರರು.

ಮೊದಲು ಮನುಷ್ಯನ ಪರಿಚಯ. ರೇವಣಸಿದ್ದಯ್ಯನವರು ಸಿಮೆಂಟ್ ಕಾರ್ಖಾನೆಯಲ್ಲಿ ಧೂಳು ಹಿಡಿಯುವ ವಿಭಾಗದಲ್ಲಿ ಇದ್ದವರು. ಚಿಮಣಿಗೆ ಹೋಗುವ ಧೂಳನ್ನು ಆಳೆತ್ತರದ ಬಟ್ಟೆ ಚೀಲಗಳಲ್ಲಿ ಸೋಸಿ, ಆ ಚೀಲಗಳನ್ನು ಗಾಳಿ ಹೊಡೆದು ಝಾಡಿಸುವುದು ಅಲ್ಲಿನ ಕೆಲಸ. ನಿವೃತ್ತರಾಗಿ ಸೇಡಂನಲ್ಲಿ ಮನೆ ಕಟ್ಟಿದ ಮೇಲೆ, ಸೋಸಲು ಏನೂ ಇಲ್ಲದೆ ಬಡವಾದರು. ಚಹಾ ಸೋಸುವ ಜಾಲರಿಯಲ್ಲಿ ದೋಷ ಹುಡುಕಿದರು, ಹಿಟ್ಟಿನ ಜರಡಿ ಬದಲಿಸಿದರು. ‘ಫಿಲ್ಟರ್ ಚೊಕ್ಕ ಇದ್ರ ಎಲ್ಲಾ ಚೊಕ್ಕ’ ಎಂಬ ಮಾತನ್ನು ಊಟಕ್ಕೆ ಮೊದಲು ಒಮ್ಮೆ, ಊಟವಾದ ಮೇಲೆ ಒಮ್ಮೆ ಹೇಳುತ್ತಿದ್ದರು. ಹೆಂಡತಿ ಉಮಾದೇವಿ ಅದನ್ನು ಕೇಳಿಸಿಕೊಳ್ಳುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಮನಸ್ಸಿಟ್ಟು ಕೇಳುತ್ತಿದ್ದವರು ತಾಯಿ ಮಹಾದೇವಮ್ಮ ಒಬ್ಬರೇ. ಇದು ನೆನಪಿರಲಿ.

ಇಂಥ ಹೊತ್ತಿನಲ್ಲಿ ಕಾರ್ಖಾನೆಯ ಕಾಲೊನಿಯಾದ ಆದಿತ್ಯನಗರದ ಅತಿಥಿಗೃಹದ ಹಳೆಯ ಸಾಮಾನು ಹರಾಜಿಗೆ ಬಂತು. ಎಲ್ಲರೂ ಕುರ್ಚಿ, ಫ್ಯಾನು ಕೂಗಿದರೆ ಇವರು ಮಂಚದಷ್ಟು ಉದ್ದದ ಗಾಜಿನ ಮೀನಿನ ತೊಟ್ಟಿಯನ್ನು ಕೂಗಿದರು. ದೊಡ್ಡ ಸಾಹೇಬರು ಕೂಡುತ್ತಿದ್ದ ಪಡಸಾಲೆಯ ತೊಟ್ಟಿ ತಮ್ಮ ಪಡಸಾಲೆಯಲ್ಲಿದ್ದರೆ ಸೇಡಂ ಹೇಗೆ ನೋಡುತ್ತದೆ ಎಂಬುದಷ್ಟೇ ಅವರ ತಲೆಯಲ್ಲಿತ್ತು. ಎದುರು ಕೂಗಲು ಯಾರೂ ಇರಲಿಲ್ಲ. ತೊಟ್ಟಿಯ ಜೊತೆ, ಅದರೊಳಗಿದ್ದ ಒಂದೇ ಒಂದು ಮೀನೂ ಬಂತು. ಅಂಗೈಗಿಂತ ದೊಡ್ಡದು, ಕಪ್ಪು ಮೈಮೇಲೆ ಕೆಂಡದ ಬಣ್ಣ, ಯಾರಾದರೂ ಉಣ್ಣುವುದು ಕಂಡರೆ ಗಾಜಿಗೆ ಬಾಯಿ ಹಚ್ಚಿ ನಿಲ್ಲುವ ಜಾತಿ. ಅತಿಥಿಗೃಹದ ಅಡಿಗೆಯವ ಬಾಬುಮಿಯಾ ಅದನ್ನು ಸಣ್ಣದಿದ್ದಾಗಿನಿಂದ ಸಾಕಿದ್ದ. ನವಾಬ ಅಂತ ಹೆಸರಿಟ್ಟಿದ್ದ. ಟೆಂಪೋದಲ್ಲಿ ನವಾಬನ ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅವನೇ ಬಂದ.

ತೊಟ್ಟಿಯ ಜೊತೆ ಬರದೇ ಇದ್ದದ್ದು ಒಂದೇ, ಫಿಲ್ಟರು. ಅದು ಕೆಟ್ಟು ಬಹಳ ಹಿಂದೆಯೇ ಗುಜರಿಗೆ ಹೋಗಿತ್ತು.

ಶಹಾಬಾದದ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಅದರ ಮೇಲೆ ತೊಟ್ಟಿ ಕೂಡಿಸಿದರು. ಜಂಗಮರ ಮನೆಯ ಪಡಸಾಲೆಯಲ್ಲಿ ಮೀನು ಈಜುವುದನ್ನು ನೋಡಲು ಓಣಿಗೆ ಓಣಿಯೇ ಬಂತು. ಮಹಾದೇವಮ್ಮ ಪೂಜೆ ಮುಗಿಸಿ, ಲಿಂಗವನ್ನು ಕಣ್ಣಿಗೊತ್ತಿಕೊಂಡು ಹೊರಗೆ ಬಂದು, ಎಲ್ಲರೆದುರಿಗೆ ತೀರ್ಪು ಕೊಟ್ಟರು.

“ಸಿದ್ದೂ, ತಂದೀದಿ, ಇರಲಿ. ಜೀವ ಇರೂತನ ಇರಲಿ. ಆದ್ರ ಲಿಂಗಪೂಜಿ ನಡಿಯೂ ಮನ್ಯಾಗ ಇದು ಸತ್ತು ತೇಲಿದ ದಿವಸ ನಾನು ಚಿಮ್ಮನಚೋಡಕ್ಕ ಮಗಳ ಮನಿಗಿ ಹೋಗ್ತೀನಿ. ತಿರುಗಿ ಈ ಹೊಸ್ತಿಲ ದಾಟೂದಿಲ್ಲ.”

ಆ ಮುದುಕಿ ಹೇಳಿದ್ದನ್ನು ಮಾಡುವವರು. ಉಮಾದೇವಿಯ ಮುಖ ಸಣ್ಣದಾಯಿತು. ಅತ್ತೆ ಸೊಸೆ ಒಂದೇ ಒಲೆಯ ಮುಂದೆ ಜೀವ ತೇಯ್ದವರು. ಒಬ್ಬರು ಹಿಟ್ಟು ನಾದಿದರೆ ಇನ್ನೊಬ್ಬರು ರೊಟ್ಟಿ ಬಡಿಯುವ ಜೋಡಿ. ರೇವಣಸಿದ್ದಯ್ಯನವರು ಮಾತ್ರ ನಕ್ಕರು. ಆಕಾಶ ಸೋಸಿದ ತಮಗೆ ಒಂದು ತೊಟ್ಟಿ ನೀರು ಸೋಸುವುದು ಯಾವ ಗಿಡದ ತೊಪ್ಪಲು ಎಂಬ ಅರ್ಥದಲ್ಲಿ ಏನೋ ಅಂದರು.

ಕಲಬುರಗಿಯ ಅಂಗಡಿಗೆ ಹೋಗಿ ಇಷ್ಟು ದೊಡ್ಡ ತೊಟ್ಟಿಗೆ ತಕ್ಕ ಫಿಲ್ಟರಿನ ಬೆಲೆ ಕೇಳಿದವರು, ಮರಳಿ ಬಂದು ನೀರು ಕುಡಿದು ಕುಳಿತರು. ಆ ದುಡ್ಡಿಗೆ ಹಾಲು ಕೊಡುವ ಎಮ್ಮೆ ಬರುತ್ತದಂತೆ, ಅದೂ ಕರುವಿನ ಸಮೇತ. ಅಗ್ಗದ್ದು ಇತ್ತಂತೆ, ಗಾಜಿಗೆ ನೇತುಹಾಕುವ ಡಬ್ಬಿ; ನವಾಬ ಒಮ್ಮೆ ಆಕಳಿಸಿದರೆ ಅದರೊಳಗೇ ಸಿಕ್ಕಿಕೊಳ್ಳುತ್ತಾನೆ. ಇನ್ನೊಂದು ಗುಳ್ಳೆ ಬಿಡುವ ಸ್ಪಂಜು. ಗುಳ್ಳೆ ಬಿಟ್ಟು ಧೂಳು ಹಿಡಿದವರನ್ನು ತಾವು ಇಡೀ ಸರ್ವೀಸಿನಲ್ಲಿ ಕಂಡಿಲ್ಲವೆಂದು ಅದನ್ನು ಮುಟ್ಟದೆ ಬಂದರು.

ಮನೆಯಲ್ಲೇ ಮಾಡುವುದೆಂದಾಯಿತು. ಮೊದಲು ಕಾರ್ಖಾನೆಯ ಚೀಲದ ಬಟ್ಟೆ ಹೊಲಿಸಿ ನೀರಿಗೆ ಕಟ್ಟಿದರು, ಹೊಲಸು ಕೂತಾಗ ಸೈಕಲ್ ಪಂಪಿನಿಂದ ಗಾಳಿ ಹೊಡೆದು ಝಾಡಿಸಿದರು. ಚಿಮಣಿಯಲ್ಲಿ ಝಾಡಿಸಿದ ಧೂಳು ಕೆಳಗೆ ಬೀಳುತ್ತದೆ, ನೀರಿನಲ್ಲಿ ಎಲ್ಲಿ ಬೀಳಬೇಕು? ನವಾಬನ ಮೈಮೇಲೆಯೇ ಬಿತ್ತು. ಆಮೇಲೆ ಕಲ್ಲು ಕೊಯ್ಯುವ ಕಡೆಯಿಂದ ಪುಕ್ಕಟೆ ಸಿಕ್ಕ ಶಹಾಬಾದ ಕಲ್ಲಿನ ಚೂರು ತಂದು ತುಂಬಿದರು. ನೀರು ಸುಣ್ಣ ಬಳಿಯಲು ತಯಾರಾಯಿತು. ಕೊನೆಗೆ ಮೊಬೈಲಿನಲ್ಲಿ ಯಾರದೋ ವಿಡಿಯೋ ನೋಡಿ ನೀಲಿ ಡ್ರಮ್ಮಿನ ಯಂತ್ರ ಕಟ್ಟಿದರು. ಹಳೆಯ ಕೂಲರಿನ ಪಂಪು ತೊಟ್ಟಿಯಿಂದ ನೀರೆತ್ತಬೇಕು, ಕಿಟಕಿಯಿಂದ ಹಾದ ಪೈಪಿನಲ್ಲಿ ಅದು ಹಿತ್ತಿಲ ಡ್ರಮ್ಮಿಗೆ ಬೀಳಬೇಕು, ಡ್ರಮ್ಮಿನ ತುಂಬ ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ಜಾಲಿಗಳು, ಅವುಗಳ ಸಂದಿಯಲ್ಲಿ ಸೋಸಿ ನೀರು ಮರಳಿ ತೊಟ್ಟಿಗೆ. ಖರ್ಚು ಅಂದರೆ ಜಾಲಿಗಳದಷ್ಟೇ. ನಿಜ ಹೇಳಬೇಕೆಂದರೆ ಯಂತ್ರ ಒಳ್ಳೆಯದೇ ಇತ್ತು.

ದಿನಾ ಸಂಜೆ ಅವರು ಮುಚ್ಚಳ ತೆಗೆದು ನೋಡುತ್ತಿದ್ದರು. ಜಾಲಿಗಳು ಅಂಗಡಿಯಿಂದ ತಂದಂತೆಯೇ ಫಳಫಳ.

“ನೋಡ್ರಿ ಅಕ್ಕೋರ,” ಎಂದು ಗೋಡೆಯಾಚೆಯಿಂದ ನನ್ನನ್ನು ಕರೆದು ತೋರಿಸಿದರು, “ಹೊಲಸು ಹಿಡೀತದ, ಆದ್ರ ಹೊಲಸ ಆಗೂದಿಲ್ಲ. ಕಾರ್ಖಾನಿ ಎಂಜಿನಿಯರಗಳಿಗೂ ಇದು ಸಾಧ್ಯ ಆಗಿದ್ದಿಲ್ಲ.”

ಫಿಲ್ಟರು ಹೀಗೆ ಹೊಳೆಯುತ್ತಿದ್ದರೂ ತೊಟ್ಟಿಯ ನೀರು ದಿನದಿನಕ್ಕೆ ಹಾಲು ಬೆರೆಸಿದ ಹಾಗೆ ಬೆಳ್ಳಗಾಗುತ್ತಿತ್ತು. ರೇವಣಸಿದ್ದಯ್ಯನವರಿಗೆ ಇದರಲ್ಲಿ ಗೊಂದಲವೇನೂ ಕಾಣಲಿಲ್ಲ. ಜಾಲಿ ಸಾಲದು, ಅಷ್ಟೇ. ಶೌಕತ ಅಲಿಯ ಕಿರಾಣಿ ಅಂಗಡಿಯಲ್ಲಿದ್ದ ಜಾಲಿಗಳೆಲ್ಲ ಮುಗಿದವು. ಚಿತ್ತಾಪುರದಿಂದ ತರಿಸಿದರು, ವಾಡಿಗೆ ಹೋದಾಗ ಅಲ್ಲಿನವನ್ನೂ ಹೊತ್ತು ತಂದರು. ಡ್ರಮ್ಮು ಸಾಲದೆ ಇನ್ನೊಂದು ಡ್ರಮ್ಮು ಬಂತು.

ಈಗ ನೀವೇ ಹೇಳಿ. ಒಬ್ಬ ನಿವೃತ್ತ ಮನುಷ್ಯ ಮೂರು ಊರಿನ ಪಾತ್ರೆ ತಿಕ್ಕುವ ಜಾಲಿ ಕೊಳ್ಳುತ್ತಾನೆ. ಅವನ ಮನೆಗೆ ದಿನ ಬಿಟ್ಟು ದಿನ ಅತಿಥಿಗೃಹದ ಅಡಿಗೆಯವ ಚೀಲ ಹಿಡಿದು ಬರುತ್ತಾನೆ. ಹಿತ್ತಿಲಲ್ಲಿ ಎರಡು ದೊಡ್ಡ ಡ್ರಮ್ಮು, ಪಂಪು, ಪೈಪು. ಶೌಕತ ಅಲಿ ಏನು ದಡ್ಡನೇ? ರೇವಣಸಿದ್ದಯ್ಯನವರು ಲಿಂಗಾಯತ ಖಾನಾವಳಿ ತೆರೆಯುತ್ತಿದ್ದಾರೆ ಎಂದು ಅವನು ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಮೀನಿನ ಯಂತ್ರವೆಂಬುದು ಬರೀ ನೆವವೆಂದು ನಾನೂ ಒಪ್ಪಿದೆ. ಒಪ್ಪಲು ನನಗೆ ಇನ್ನೂ ಬಲವಾದ ಕಾರಣವಿತ್ತು.

ದಿನಾ ಬೆಳಿಗ್ಗೆ ರೇವಣಸಿದ್ದಯ್ಯನವರು ಸ್ಟೇಷನ್ ಕಡೆ ತಿರುಗಾಡಲು ಹೋಗುತ್ತಿದ್ದರು, ಉಮಾದೇವಿ ಹಾಲು ತರಲು. ಅವರಿಬ್ಬರೂ ಓಣಿ ದಾಟಿದ್ದೇ ತಡ, ಮಹಾದೇವಮ್ಮ ಕುದಿಯುವ ನೀರಿನ ಕೊಡ ಹಿಡಿದು ಹಿತ್ತಿಲಿಗೆ ಬರುತ್ತಿದ್ದರು. ರಾಶಿ ರಾಶಿ ಜಾಲಿಗಳನ್ನು ಬಿಸಿನೀರಲ್ಲಿ ಅದ್ದಿ, ಹಿಂಡಿ, ಕಲ್ಲಿನ ಮೇಲೆ ಹರವಿ ಬಿಸಿಲಿಗಿಡುತ್ತಿದ್ದರು. ಉಳಿದವರು ಬರುವುದರೊಳಗೆ ಎಲ್ಲ ಎತ್ತಿಟ್ಟು, ಕೈ ಒರೆಸಿಕೊಂಡು ಜಪಕ್ಕೆ ಕೂತಿರುತ್ತಿದ್ದರು. ಎಂಬತ್ತರ ಹತ್ತಿರದ ಮುದುಕಿಯ ಕೈಯಲ್ಲಿ ಖಾನಾವಳಿಯ ಚಾಕರಿ! ಆದರೂ ನಾನು ಊರಿಗೆಲ್ಲ ಹೇಳಿಕೊಂಡು ತಿರುಗಲಿಲ್ಲ. ರೊಟ್ಟಿ ಬಡಿದು ಮಾರುವ ರತ್ನಾಬಾಯಿಗೆ ಒಬ್ಬಳಿಗೇ ಹೇಳಿದೆ, ಅದೂ ಯಾರಿಗೂ ಹೇಳಬೇಡವೆಂದು. ಅವಳು ಖಾನಾವಳಿಯಲ್ಲಿ ರೊಟ್ಟಿಯ ಕೆಲಸ ಕೇಳಲು ಬೇರೆ ಕಾಯುತ್ತಿದ್ದಳು.

ಮುಂದೆ ಮಾತು ಹೇಗೆ ಹರಿಯಿತೋ ನನಗೆ ಗೊತ್ತಿಲ್ಲ. ರತ್ನಾಬಾಯಿಯ ತಂಗಿಯನ್ನು ಚಂದಾಪುರಕ್ಕೆ ಕೊಟ್ಟಿದೆ, ಚಂದಾಪುರದ ಸಂತೆಗೆ ಚಿಮ್ಮನಚೋಡದವರು ಬರುತ್ತಾರೆ, ಇಷ್ಟು ಮಾತ್ರ ಗೊತ್ತು.

ಈ ಮಾತೆಲ್ಲ ಸೇರಿ ಒಂದೇ ದಿನ ಆ ಮನೆಗೆ ಹುಳಿ ಹಿಂಡಿತು. ಅವತ್ತು ಬೆಳಿಗ್ಗೆ ಆರೋಗ್ಯ ನಿರೀಕ್ಷಕ ಸುರೇಶಕುಮಾರ, ಪರವಾನಗಿ ಇಲ್ಲದ ಖಾನಾವಳಿಯನ್ನು ನೋಡಲು ಬಂದರು. ನಾನು ಅದೇ ಹೊತ್ತಿಗೆ ಸಕ್ಕರೆ ಕೇಳಲು ಹೋಗಿದ್ದೆ. ಅತಿಥಿ ಬಂದರೆಂದು ರೇವಣಸಿದ್ದಯ್ಯನವರಿಗೆ ಸಂತೋಷವೋ ಸಂತೋಷ. ತಮ್ಮ ಯಂತ್ರದ ಸುದ್ದಿ ಸರಕಾರದತನಕ ಹೋಗಿದೆ ಎಂದುಕೊಂಡರು.

“ಎಷ್ಟು ಮಂದಿಗಿ ವ್ಯವಸ್ಥಾ ಮಾಡೀರಿ?” ಎಂದರು ನಿರೀಕ್ಷಕರು.

“ಸದ್ಯಕ್ಕ ಒಬ್ಬಾಂವಗೇ ರಿ. ಆದ್ರ ಆಂವ ಭಾಳ ತಿಂತಾನ.”

“ಮತ್ತ ಹೊಲಸ ನೀರು ಎಲ್ಲಿಗಿ ಬಿಡತೀರಿ?”

“ಎಲ್ಲಿಗೂ ಬಿಡೂದಿಲ್ರಿ. ಅದನ್ನೇ ಸೋಸಿ ತಿರುಗಿ ಅವಗೇ ಕೊಡತೀವಿ.”

ನಿರೀಕ್ಷಕರ ಪೆನ್ನು ಅಲ್ಲೇ ನಿಂತಿತು. ಒಬ್ಬನಿಗಾಗಿ ಇಷ್ಟೊಂದು ಜಾಲಿ ಯಾಕೆ ಎಂದು ಕೇಳಿದರು. ಅವು ತಿಕ್ಕಲು ಅಲ್ಲ, ನೀರು ಹಾಯಿಸಲು ಎಂದರು ಇವರು. ಬಾಬುಮಿಯಾ ಏನು ಬಡಿಸುತ್ತಾನೆ ಎಂದು ಕೇಳಿದರೆ, ಕಾಳಿನ ಗಾತ್ರದ ಗುಳಿಗೆ ಎಂದರು. ನಿರೀಕ್ಷಕರು ಮೆಲ್ಲಗೆ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಅವರು ಯಾವ ತೀರ್ಮಾನಕ್ಕೆ ಬರುತ್ತಿದ್ದರೋ, ಅಷ್ಟರಲ್ಲಿ ಬಾಗಿಲಲ್ಲಿ ಜೀಪು ನಿಂತು ಚಿಮ್ಮನಚೋಡದ ಅಳಿಯ ಅಶೋಕಕುಮಾರ ಧುಮುಗುಡುತ್ತ ಒಳಗೆ ಬಂದ. ಮಹಾದೇವಮ್ಮನವರ ಮಗಳ ಗಂಡ, ತೊಗರಿ ಬೆಳೆಯುವವ, ದನಿ ಹೊಲದ ಆ ತುದಿಗೂ ಕೇಳಿಸುವಂಥದ್ದು.

“ಭಾವ, ನೀವು ಖಾನಾವಳಿ ಇಡ್ರಿ, ಏನಾರ ಮಾಡ್ರಿ. ಅತ್ತಿ ಕೈಲಿ ಭಾಂಡಿ ತಿಕ್ಕಸಲಾಕತ್ತೀರಿ ಅಂತ ಚಿಂಚೋಳಿ ತಾಲೂಕೆಲ್ಲಾ ಮಾತಾಡಲಾಕತ್ತಾದ.”

ರೇವಣಸಿದ್ದಯ್ಯನವರಿಗೆ ಖಾನಾವಳಿ ಎಂಬುದೇ ಹೊಸ ಸುದ್ದಿ. ಎಲ್ಲಿದೆ, ಯಾರದ್ದು ಎಂದು ಕೇಳಿದರು. ನಿರೀಕ್ಷಕರು ಡ್ರಮ್ಮು ತೋರಿಸಿದರು, ಇವರು ತೊಟ್ಟಿ ತೋರಿಸಿದರು. ತೊಟ್ಟಿಯ ಬಿಳಿ ನೀರಿನಲ್ಲಿ ನವಾಬ ಮೇಲೆ ಬಂದು, ಬಾಯಿ ತೆರೆದು ಮುಚ್ಚಿ ಉಸಿರಿಗೆ ಒದ್ದಾಡುತ್ತಿದ್ದ. ಗಿರಾಕಿ ಇವನೊಬ್ಬನೇ ಎಂದು ತಿಳಿದ ಮೇಲೆ ನಿರೀಕ್ಷಕರು, ಮೀನಿಗೆ ಊಟ ಹಾಕಲು ಪರವಾನಗಿ ಬೇಕಿಲ್ಲ ಎಂದು ಹೇಳಿ ಚಹಾ ಕುಡಿಯದೇ ಹೊರಟುಹೋದರು. ಅಶೋಕಕುಮಾರ ಹೊರಡಲಿಲ್ಲ. ನೇರ ಅತ್ತೆಯ ಮುಂದೆ ಕುಳಿತ.

“ಅತ್ತಿ, ಲಿಂಗದ ಮುಂದ ಖರೆ ಹೇಳ್ರಿ. ದಿನಾ ಮುಂಜಾನಿ ತಿಕ್ಕತೀರೋ ಇಲ್ಲೋ?”

ಮಹಾದೇವಮ್ಮ ಮೀನಿನ ಕಡೆ ನೋಡಿದರು, ಸೊಸೆಯ ಕಡೆ ನೋಡಿದರು. ಸತ್ತರೆ ಮನೆ ಬಿಡುತ್ತೇನೆಂದು ಊರೆದುರು ತೀರ್ಪು ಕೊಟ್ಟ ಮೀನಿಗಾಗಿ ತಾನೇ ಮರೆಯಲ್ಲಿ ಕೈ ಸುಟ್ಟುಕೊಳ್ಳುತ್ತಿದ್ದೇನೆಂದು ಆ ಹಟಮಾರಿ ಹೇಗೆ ಬಾಯಿಬಿಟ್ಟಾರು? ಸುಳ್ಳು ಹೇಳಲಿಕ್ಕೂ ಆಗದು. “ತಿಕ್ಕತೀನಿ,” ಎಂದಷ್ಟೇ ಹೇಳಿದರು. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಅವತ್ತು ಅಲ್ಲಿದ್ದವರ ಕಣ್ಣುಗಳೆಲ್ಲ ಉಮಾದೇವಿಯ ಮೇಲೆ ಬಿದ್ದವು. ಆಕೆ ಅತ್ತೆಯ ಕೈಗೆ ಒಂದು ಲೋಟ ತೊಳೆಯಲು ಕೊಟ್ಟವಳಲ್ಲ. ತುಟಿ ಕಚ್ಚಿ ಒಳಗೆ ಹೋದಳು, ಅಳು ಮಾತ್ರ ಹೊರಗೆ ಕೇಳಿಸಿತು.

ಅತ್ತೆಯನ್ನು ಇನ್ನು ಇಲ್ಲಿ ಬಿಡುವುದಿಲ್ಲವೆಂದು ಅಳಿಯ ಹಟ ಹಿಡಿದ, ಮಹಾದೇವಮ್ಮ ಗಂಟು ಕಟ್ಟಿದರು. ಜೀಪು ಹತ್ತುವಾಗ ಮಗನಿಗೆ, ನವಾಬ ಉಳಿದರೆ ಮಾತ್ರ ತನಗೆ ತಿಳಿಸು, ಸತ್ತರೆ ಫೋನು ಮಾಡಬೇಡ ಎಂದರು. ಬಾಬುಮಿಯಾ ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಂಡ. ನೀರಿಗೆ ಉಪ್ಪು, ಅರಿಶಿನ, ತಾಯಿತ ಎಲ್ಲ ಅವನೂ ಹಾಕಿ ನೋಡಿ ಸೋತಿದ್ದ.

ಆ ಮನೆಯಲ್ಲಿ ಮಾತು ನಿಂತುಹೋಯಿತು. ಗೋಡೆಯ ಈಚೆ ನನಗೇ ಹೊತ್ತು ಹೋಗುತ್ತಿರಲಿಲ್ಲ. ರೇವಣಸಿದ್ದಯ್ಯನವರು ಮಾಡಿದ್ದು ಒಂದೇ ಕೆಲಸ. ಪೈಪನ್ನು ಬಲಗಡೆಯಿಂದ ಎಡಗಡೆಗೆ ವಾಲಿಸಿ, ಇಷ್ಟು ದಿನದ ದೋಷ ಅದೊಂದೇ ಎಂದು ಸಾರಿ, ಹೊಲಸೇ ಆಗದ ಫಿಲ್ಟರನ್ನು ದಿನಾ ತೆರೆದು ನೋಡುವುದು ಅದಕ್ಕೆ ಅವಮಾನ ಎಂದು ಮುಚ್ಚಳದ ಮೇಲೆ ಶಹಾಬಾದ ಕಲ್ಲು ಹೇರಿಟ್ಟರು. ನೀರನ್ನು ಮಾತ್ರ ಅಷ್ಟಷ್ಟೇ ಬದಲಿಸುತ್ತಿದ್ದರು.

ಮುಂದಿನ ಅಮಾವಾಸ್ಯೆ ಹತ್ತಿರ ಬರುವ ಹೊತ್ತಿಗೆ ತೊಟ್ಟಿಯ ನೀರು ತಿಳಿಯಾಗತೊಡಗಿತು. ಮೊದಲು ನವಾಬನ ಬಾಲ ಕಂಡಿತು, ಆಮೇಲೆ ಇಡೀ ನವಾಬ ಕಂಡ, ಆಮೇಲೆ ತೊಟ್ಟಿಯ ಹಿಂದಿನ ಗೋಡೆಯ ಕ್ಯಾಲೆಂಡರಿನ ತಿಥಿ ವಾರ ಓದಲಿಕ್ಕೆ ಬಂತು. ನವಾಬ ಗಾಜಿಗೆ ಬಾಯಿ ಹಚ್ಚಿ ತಿನ್ನಲು ಕೇಳಿದ. ರೇವಣಸಿದ್ದಯ್ಯನವರು ಪೈಪಿನ ಎಡಗಡೆಯ ಮಹಿಮೆಯ ಬಗ್ಗೆ ಓಣಿಯವರಿಗೆಲ್ಲ ಉಪನ್ಯಾಸ ಕೊಟ್ಟರು, ವಿಡಿಯೋ ತೆಗೆದು ಚಿಮ್ಮನಚೋಡಕ್ಕೆ ಕಳಿಸಿದರು. ಅಳಿಯನ ಮೊಬೈಲಿನಲ್ಲಿ ನವಾಬ ಈಜುವುದನ್ನು ನೋಡಿದ ಮುದುಕಿ, ಜೀಪು ತೆಗೆ ಎಂದರಂತೆ.

ಅತ್ತೆ ಬರುವ ಹಿಂದಿನ ದಿನ ಉಮಾದೇವಿ, ಮನೆಯನ್ನೆಲ್ಲ ಗುಡಿಸಿ ಒರೆಸಿ, ಡ್ರಮ್ಮನ್ನೂ ತೊಳೆದಿಡೋಣವೆಂದು ಕಲ್ಲು ಸರಿಸಿ ಮುಚ್ಚಳ ತೆಗೆದಳು. ತೆಗೆದವಳು ಸೀರೆಯ ಸೆರಗು ಮೂಗಿಗೆ ಹಿಡಿದು ನನ್ನನ್ನು ಕರೆದಳು. ಜಾಲಿಗಳಿಗೆಲ್ಲ ಕಂದು ಲೋಳೆ ಹಿಡಿದಿತ್ತು.

“ಪಾಪ, ನಿಮ್ಮ ಅತ್ತಿಯವರು ಇದ್ದಾಗ ದಿನಾ ಮುಂಜಾನಿ ಇವನ್ನ ಕುದಿಯೂ ನೀರಾಗ ತೊಳೆದು ಒಣಗಿಸ್ತಿದ್ರು,” ಎಂದೆ ನಾನು.

ಉಮಾದೇವಿ ನನ್ನ ಮುಖ ನೋಡಿದಳು. ಇವನ್ನೇ ತೊಳೆಯುತ್ತಿದ್ದರೇ ಎಂದು ಕೇಳಿದಳು. ಬೇರೆ ಭಾಂಡಿ ಗೀಂಡಿ ಏನೂ ಇರಲಿಲ್ಲವೇ ಎಂದು ಕೇಳಿದಳು. ಇರಲಿಲ್ಲ, ಕಂಡದ್ದನ್ನೇ ನಾನು ಹೇಳುವವಳು. ಆಕೆ ಕಿಟಕಿಯಿಂದ ತಿಳಿನೀರು ನೋಡಿದಳು, ಬಗ್ಗಿ ಲೋಳೆ ನೋಡಿದಳು.

“ಅಕ್ಕೋರ, ಮಸರಿನ ಗಡಗಿಯೊಳಗ ಹೆಪ್ಪು ಉಳೀಲಾರದಂಗ ದಿನಾ ಕುದಿಯೂ ನೀರು ಹಾಕಿದ್ರ ಮಸರು ಹ್ಯಾಂಗ ಆಗಬೇಕು? ಇದೂ ಹಂಗೇ ಕಾಣಸ್ತದ. ಈ ಹೊಲಸೇ ನೀರಿಗಿ ಹೆಪ್ಪು.”

ನಾನು ಕುಣಿದಾಡಿದೆ. ಈಗಲೇ ಅಳಿಯನಿಗೆ ಫೋನು ಮಾಡು, ನಿನ್ನ ಮೇಲಿನ ಮಾತು ತೊಳೆದುಹೋಗುತ್ತದೆ, ಮುದುಕಿಯೇ ಮೀನನ್ನು ಕೊಲ್ಲುತ್ತಿತ್ತೆಂದು ಎಲ್ಲರಿಗೂ ತಿಳಿಯಲಿ ಎಂದೆ. ಉಮಾದೇವಿ ಮುಚ್ಚಳ ಹಾಕಿ ಕಲ್ಲು ಎತ್ತಿಟ್ಟಳು. ಈ ಉಮಾದೇವಿ ಎಂಥವಳೆಂದು ನಾನು ಮೊದಲೇ ಹೇಳಬೇಕಿತ್ತು. ನವಾಬನ ಗುಳಿಗೆ ಯಾವುದರಿಂದ ಮಾಡಿದ್ದು ಎಂದು ಅತ್ತೆ ಕೇಳಿದಾಗ, ಅದು ಒಣಮೀನಿನ ಪುಡಿಯದೆಂದು ಗೊತ್ತಿದ್ದೂ ಕಣ್ಣು ಮಿಟುಕಿಸದೆ ‘ಗೋಧಿವು ರಿ’ ಎಂದವಳು.

“ಉಳಿಸಬೇಕು ಅಂತ ಮಾಡ್ಯಾರ. ಅದನ್ನ ಅವರಿಗಿ ಹೇಳಿದ್ರ ತಡಕೊಳ್ಳೂದಿಲ್ಲ ಅಕ್ಕೋರ,” ಎಂದಷ್ಟೇ ಹೇಳಿದಳು.

ಮರುದಿನ ಸಂಜೆ ಮಹಾದೇವಮ್ಮ ಬಂದರು. ಅಳಿಯನೂ ಆ ದಿನ ಅಲ್ಲೇ ಉಳಿದ. ಬೆಳಗಾಯಿತು. ರೇವಣಸಿದ್ದಯ್ಯ ತಿರುಗಾಡಲು ಹೊರಟರು, ಉಮಾದೇವಿ ಹಾಲಿನ ಡಬ್ಬಿ ಹಿಡಿದು ಹೊರಬಿದ್ದಳು. ನಾನು ಬಟ್ಟೆ ಒಣಹಾಕುತ್ತಿದ್ದೆ. ಅವತ್ತು ಒದ್ದೆ ಬಟ್ಟೆ ಒಂದೂ ಇರಲಿಲ್ಲ, ಒಣಗಿದ್ದನ್ನೇ ಹಾಕುತ್ತಿದ್ದೆ. ಕುದಿಯುವ ನೀರಿನ ಕೊಡ ಹಿಡಿದು ಮುದುಕಿ ಬಂದೇ ಬಂತು. ಡ್ರಮ್ಮಿನ ಮುಂದೆ ಬಂದು ಗಕ್ಕನೆ ನಿಂತಿತು.

ಎರಡೂ ನೀಲಿ ಡ್ರಮ್ಮುಗಳಿಗೆ ವಿಭೂತಿ ಹಚ್ಚಿತ್ತು. ಮೂರು ಬೆರಳಿನ ಮೂರು ಗೆರೆ, ಅಡ್ಡಕ್ಕೆ ದಪ್ಪಗೆ, ಮುಚ್ಚಳ ಡ್ರಮ್ಮಿಗೆ ಕೂಡುವ ಸಂದಿಯ ಮೇಲೆಯೇ. ಮುಚ್ಚಳ ತೆರೆಯಬೇಕೆಂದರೆ ಅದನ್ನು ಅಳಿಸಲೇಬೇಕು. ವಿಭೂತಿ ಹಚ್ಚಿದ್ದನ್ನು ತಿಕ್ಕಿ ಅಳಿಸುವ ಕೈ ಆ ಮನೆಯಲ್ಲಿ ಇನ್ನೂ ಹುಟ್ಟಿಲ್ಲ.

ಮಹಾದೇವಮ್ಮ ಬಹಳ ಹೊತ್ತು ನೋಡಿದರು. ಆ ಬೆರಳಿನ ಗುರುತು ಯಾರದೆಂದು ಅವರಿಗೆ ತಿಳಿಯದೇ? ದಿನಾ ಒಟ್ಟಿಗೆ ಹಿಟ್ಟು ನಾದಿದ ಕೈ. ತಿರುಗಿ ನೋಡಿದರೆ ಉಮಾದೇವಿ ಹಾಲಿಗೆ ಹೋಗಿರಲಿಲ್ಲ, ಬಾಗಿಲಲ್ಲೇ ನಿಂತಿದ್ದಳು. ಮುದುಕಿ ಕೊಡ ಕೆಳಗಿಟ್ಟು ಡ್ರಮ್ಮಿಗೆ ಕೈ ಮುಗಿದರು. ಆಮೇಲೆ ಕೊಡವನ್ನು ಬಚ್ಚಲಿಗೆ ಒಯ್ದು, ಒಳಗೆ ಮಲಗಿದ್ದವನನ್ನು ಎಬ್ಬಿಸುವಂತೆ ಕೂಗಿದರು.

“ಅಶೋಕಾ, ಏಳಪಾ, ಜಳಕಕ್ಕ ನೀರು ಕಾದಾವ. ಮತ್ತ ಕೇಳು, ಊರಿಗಿ ಹೋಗಿ ಎಲ್ಲರಿಗೂ ಹೇಳು. ನನ್ನ ಸೊಸಿ ನನ್ನ ಕೈಲಿ ಒಂದು ಲೋಟಾನೂ ತೊಳಸಿಲ್ಲ. ತಿಕ್ಕಿದ್ದು ನನ್ನ ಖುಷಿಗಿ.”

ಉಮಾದೇವಿ ಸೆರಗಿನಿಂದ ಮುಖ ಒರೆಸಿಕೊಂಡು ಹಾಲಿಗೆ ಹೋದಳು.

ಏನೋ ಮರೆತು ಮರಳಿ ಬಂದಿದ್ದ ರೇವಣಸಿದ್ದಯ್ಯನವರು ತಾಯಿ ಕೈ ಮುಗಿದದ್ದನ್ನಷ್ಟೇ ಕಂಡಿದ್ದರು. ಎದೆ ಸೆಟೆಸಿ ನನ್ನ ಕಡೆ ಬಂದು, ಪೈಪು ಎಡಕ್ಕೆ ವಾಲಿಸಿದ್ದಕ್ಕೆ ಹೆಂಡತಿ ವಿಭೂತಿ ಹಚ್ಚಿದ್ದಾಳೆ, ಹೆತ್ತ ತಾಯಿ ಕೈ ಮುಗಿದಿದ್ದಾಳೆ, ಇನ್ನು ಯಾರ ಪ್ರಶಸ್ತಿ ಬೇಕು ಎಂದರು. ನಾನು ಬಾಯಿ ತೆರೆದೆ. ಗೋಡೆಯಾಚೆಯಿಂದ ಮಹಾದೇವಮ್ಮ ನನ್ನನ್ನು ಒಂದು ನೋಟ ನೋಡಿದರು. ಶಾಲೆಯಲ್ಲಿ ನಾನು ಮಕ್ಕಳನ್ನು ನೋಡುತ್ತಿದ್ದ ನೋಟ ಅದು. ನಾನು ಬಾಯಿ ಮುಚ್ಚಿ ಒಣ ಬಟ್ಟೆಗಳನ್ನು ಮಡಚಿದೆ.

ಈಗ ಸೋಮವಾರಕ್ಕೊಮ್ಮೆ ಡ್ರಮ್ಮಿಗೆ ಹೊಸ ವಿಭೂತಿ ಬೀಳುತ್ತದೆ. ಬಾಬುಮಿಯಾ ಬಂದಾಗ ಅವನೂ ಅದರ ಮುಂದೆ ಚಪ್ಪಲಿ ಬಿಡುತ್ತಾನೆ. ಖಾನಾವಳಿ ಯಾವಾಗ ಶುರು ಎಂದು ರತ್ನಾಬಾಯಿ ಇನ್ನೂ ಕೇಳುತ್ತಲೇ ಇದ್ದಾಳೆ. ಸಂಜೆ ಮಹಾದೇವಮ್ಮ ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಕೂತು ‘ಗೋಧಿ’ಯ ಗುಳಿಗೆಗಳನ್ನು ಒಂದೊಂದಾಗಿ ಹಾಕುತ್ತಾರೆ. ಯಾರೂ ಇಲ್ಲವೆಂದುಕೊಂಡು ನವಾಬನ ಜೊತೆ ಮಾತಾಡುತ್ತಾರೆ. ಕಿಟಕಿ ತೆರೆದಿರುತ್ತದೆ, ಗೋಡೆ ಗಿಡ್ಡ, ಕೇಳಿಸುತ್ತದೆ.

“ಗಟ್ಟಿ ಇರಪಾ ನೀ. ನೀ ಇದ್ರ ನಾನೂ ಇಲ್ಲೇ ಇರ್ತೀನಿ.”

ಇದನ್ನು ಮಾತ್ರ ನಾನು ರತ್ನಾಬಾಯಿಗೆ ಹೇಳಿಲ್ಲ.